ಹಳೆಯ ಸುಸ್ತಿ, ಹೊಸ ಮನೆ: ಕುಂದಗೋಳದ ಗೃಹಸಾಲ ಅರ್ಜಿದಾರರು ತಿಳಿಯಬೇಕಾದದ್ದು

ಕುಂದಗೋಳ ತಾಲ್ಲೂಕಿನ ಎರೆಭೂಮಿಯಲ್ಲಿ ಹತ್ತಿ, ಒಣಮೆಣಸಿನಕಾಯಿ, ಹೆಸರು, ಶೇಂಗಾ, ಕಡಲೆ ಬೆಳೆದು ಬದುಕುವ ಕುಟುಂಬಗಳ ಆದಾಯವು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿಕೊಂಡಿರುವುದರಿಂದ, ಇಲ್ಲಿ ಹಂಗಾಮು ತಪ್ಪಿದ ವರ್ಷವೇ ಸಾಲದ ಕಂತೂ ತಪ್ಪಿದ ವರ್ಷವಾಗಿರುವುದು ಸಾಮಾನ್ಯ. 2019ರ ಆಗಸ್ಟ್‌ನಲ್ಲಿ ಅತಿವೃಷ್ಟಿ ಧಾರವಾಡ ಜಿಲ್ಲೆಯ ಬೆಳೆಗಳನ್ನು ಹಾಳುಗೆಡವಿತು. 2023ರಲ್ಲಿ ಮುಂಗಾರು ಕೈಕೊಟ್ಟಾಗ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಇಂಥ ವರ್ಷಗಳಲ್ಲಿ ಬೆಳೆಸಾಲವನ್ನೋ ಟ್ರ್ಯಾಕ್ಟರ್ ಸಾಲವನ್ನೋ ಸ್ವಸಹಾಯ ಸಂಘದ ಸಾಲವನ್ನೋ ತೀರಿಸಲಾಗದೆ ಸುಸ್ತಿದಾರರಾದವರು ಮುಂದೆ ಚೇತರಿಸಿಕೊಂಡು, ಪಟ್ಟಣದಲ್ಲಿ ನಿವೇಶನ ಕೊಳ್ಳಲು ಅಥವಾ ಊರಿನ ಹಳೆಯ ಮಣ್ಣಿನ ಮನೆಯನ್ನು ಕೆಡವಿ ಹೊಸದನ್ನು ಕಟ್ಟಲು ಗೃಹಸಾಲ ಕೇಳಿದಾಗ, ಬ್ಯಾಂಕಿನವರು ಮೊದಲು ತೆರೆದು ನೋಡುವುದು ಅವರ ಹಳೆಯ ಸಾಲಗಳ ದಾಖಲೆಯನ್ನು. ಆ ದಾಖಲೆಯಲ್ಲಿ ದಿನಾಂಕ, ಮೊತ್ತ ಮತ್ತು ಬಾಕಿ ಇರುತ್ತವೆ. ಮಳೆ ಬಂತೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ.

ಹಾಗೆಂದು ಹಳೆಯ ಸುಸ್ತಿಯು ಗೃಹಸಾಲದ ದಾರಿಯನ್ನು ಶಾಶ್ವತವಾಗಿ ಮುಚ್ಚುತ್ತದೆ ಎಂಬ ನಂಬಿಕೆ ಸರಿಯಲ್ಲ. ಸಾಲ ಕೊಡುವ ಸಂಸ್ಥೆಯು ಎಂದೋ ತಪ್ಪಿ ಈಗ ಪೂರ್ತಿ ತೀರಿರುವ ಸಾಲಕ್ಕಿಂತ, ಸಣ್ಣದಾದರೂ ಇನ್ನೂ ತೀರದೆ ಉಳಿದಿರುವ ಸಾಲಕ್ಕೆ ಹೆಚ್ಚು ಅಂಜುತ್ತದೆ. ಆದ್ದರಿಂದ ಅರ್ಜಿದಾರರ ಕೆಲಸವೆಂದರೆ ತಮ್ಮ ದಾಖಲೆಯನ್ನು ಮೊದಲು ನೋಡುವುದು, ತಪ್ಪಿದ್ದರೆ ತಿದ್ದಿಸುವುದು, ಬಾಕಿಯಿದ್ದರೆ ತೀರಿಸಿ ಪತ್ರ ಪಡೆಯುವುದು, ಕೆಲಕಾಲ ಹೊಸ ಶಿಸ್ತನ್ನು ತೋರಿಸುವುದು, ಅನಂತರವೇ ಅರ್ಜಿ ಹಾಕುವುದು. ಬಹಳಷ್ಟು ಜನರು ಈ ಕ್ರಮವನ್ನು ತಿರುಗುಮುರುಗು ಮಾಡಿ, ಮೊದಲು ಅರ್ಜಿ ಹಾಕಿ, ತಿರಸ್ಕೃತವಾದ ಮೇಲೆ ದಾಖಲೆ ನೋಡುತ್ತಾರೆ; ನಷ್ಟ ಆರಂಭವಾಗುವುದು ಅಲ್ಲಿಯೇ.

ಪರಿಚಯದ ಸಾಲದಿಂದ ದಾಖಲೆಯ ಸಾಲದವರೆಗೆ

ಆಗ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಗದಗ ಜಿಲ್ಲೆಯಲ್ಲಿರುವ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆರಂಭವಾದ ಕೃಷಿ ಪತ್ತಿನ ಸಹಕಾರ ಸಂಘವು ದೇಶದ ಮೊದಲ ಕೃಷಿ ಸಹಕಾರ ಸಂಘವೆಂದು ಮಾನ್ಯವಾಗಿದೆ. ಆ ಬಗೆಯ ಸಂಘದಲ್ಲಿ ಸಾಲ ಕೊಡುವವರೂ ಪಡೆಯುವವರೂ ಒಂದೇ ಊರಿನವರಾಗಿದ್ದುದರಿಂದ, ಯಾರ ಹೊಲ ಒಣಗಿತು, ಯಾರು ದುಡ್ಡಿದ್ದೂ ಕೊಡಲಿಲ್ಲ ಎಂಬುದು ಎಲ್ಲರಿಗೂ ತಿಳಿದಿರುತ್ತಿತ್ತು. ಇಂದಿನ ಗೃಹಸಾಲವನ್ನು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕುಳಿತ, ಅರ್ಜಿದಾರರನ್ನು ಎಂದೂ ನೋಡದ ಅಧಿಕಾರಿ ಮಂಜೂರು ಮಾಡುತ್ತಾರೆ. ಊರಿನ ಪರಿಚಯ ಮಾಡುತ್ತಿದ್ದ ಕೆಲಸವನ್ನು ಈಗ ಸಾಲ ಮಾಹಿತಿ ಕಂಪನಿಗಳು ಮಾಡುತ್ತವೆ.

ಸಾಲ ಮಾಹಿತಿ ಕಂಪನಿ ಎಂದರೆ ಬ್ಯಾಂಕು, ಹಣಕಾಸು ಕಂಪನಿ ಮತ್ತು ಇತರ ಸಾಲದಾತ ಸಂಸ್ಥೆಗಳಿಂದ ಪ್ರತಿಯೊಬ್ಬ ಸಾಲಗಾರನ ವಿವರಗಳನ್ನು ಪಡೆದು, ಒಟ್ಟುಗೂಡಿಸಿ, ಮತ್ತೊಂದು ಸಾಲದಾತ ಸಂಸ್ಥೆ ಕೇಳಿದಾಗ ವರದಿಯಾಗಿ ಕೊಡುವ ಸಂಸ್ಥೆ. ಇವುಗಳಲ್ಲಿ ಮೊದಲನೆಯದಾದ ಸಿಬಿಲ್ 2000ದಲ್ಲಿ ಸ್ಥಾಪನೆಯಾಯಿತು. 2005ರ ಸಾಲ ಮಾಹಿತಿ ಕಂಪನಿಗಳ (ನಿಯಂತ್ರಣ) ಕಾಯ್ದೆಯು ಈ ವ್ಯವಸ್ಥೆಗೆ ಕಾನೂನಿನ ಚೌಕಟ್ಟು ಕೊಟ್ಟಿತು. ಈಗ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ರಿಸರ್ವ್ ಬ್ಯಾಂಕಿನ ನೋಂದಣಿ ಪಡೆದು ಕೆಲಸ ಮಾಡುತ್ತಿವೆ. ಜನರ ಮಾತಿನಲ್ಲಿ ಇವೆಲ್ಲವೂ ಸಿಬಿಲ್ ಎಂದೇ ಕರೆಸಿಕೊಂಡರೂ, ಒಂದು ಕಂಪನಿಯ ವರದಿಯಲ್ಲಿ ಸರಿಯಾಗಿರುವ ಖಾತೆ ಇನ್ನೊಂದರ ವರದಿಯಲ್ಲಿ ತಪ್ಪಾಗಿರುವ ಸಾಧ್ಯತೆ ಇರುವುದರಿಂದ ಇವು ಬೇರೆ ಬೇರೆ ಎಂಬ ಅರಿವು ಅಗತ್ಯ. ವರದಿಯ ಜೊತೆಗೆ ಬರುವ ಮೂರಂಕಿಯ ಸಂಖ್ಯೆಯೇ ಕ್ರೆಡಿಟ್ ಸ್ಕೋರ್. ಅದು 300ರಿಂದ 900ರ ನಡುವೆ ಇರುತ್ತದೆ. 750 ಮತ್ತು ಅದಕ್ಕಿಂತ ಮೇಲಿನದನ್ನು ಸಾಲದಾತ ಸಂಸ್ಥೆಗಳು ಸಾಮಾನ್ಯವಾಗಿ ಉತ್ತಮವೆಂದು ಪರಿಗಣಿಸುತ್ತವೆ.

ಇಷ್ಟು ಸ್ಕೋರ್ ಇಲ್ಲದಿದ್ದರೆ ಸಾಲ ಕೊಡಬಾರದೆಂಬ ಕನಿಷ್ಠ ಮಿತಿಯನ್ನು ರಿಸರ್ವ್ ಬ್ಯಾಂಕ್ ಎಲ್ಲಿಯೂ ವಿಧಿಸಿಲ್ಲ. 2025ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಖಾತೆಯ ರಾಜ್ಯ ಸಚಿವ ಪಂಕಜ್ ಚೌಧರಿ ಅವರು ಲೋಕಸಭೆಗೆ ಕೊಟ್ಟ ಉತ್ತರದಲ್ಲಿ ಇದನ್ನು ಸ್ಪಷ್ಟಪಡಿಸಿ, ಮೊದಲ ಬಾರಿಗೆ ಸಾಲ ಕೇಳುವವರ ಅರ್ಜಿಯನ್ನು ಹಿಂದಿನ ಸಾಲದ ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂಬ ರಿಸರ್ವ್ ಬ್ಯಾಂಕಿನ ಸೂಚನೆಯನ್ನೂ ಉಲ್ಲೇಖಿಸಿದರು. ಎಷ್ಟು ಸ್ಕೋರ್ ಬೇಕು ಎಂಬುದನ್ನು ಆಯಾ ಬ್ಯಾಂಕು ತನ್ನ ನೀತಿಯಂತೆ ನಿರ್ಧರಿಸುತ್ತದೆ. ಆದ್ದರಿಂದ ಒಂದು ಬ್ಯಾಂಕಿನ ನಿರಾಕರಣೆ ಎಲ್ಲ ಬ್ಯಾಂಕುಗಳ ನಿರಾಕರಣೆಯಲ್ಲ.

ವರದಿಯನ್ನು ಓದುವ ಬಗೆ

ನಾಲ್ಕೂ ಕಂಪನಿಗಳು ಪ್ರತಿಯೊಬ್ಬ ವ್ಯಕ್ತಿಗೆ ವರ್ಷಕ್ಕೊಮ್ಮೆ ಸ್ಕೋರ್ ಸಹಿತವಾದ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ 2017ರಿಂದ ಜಾರಿಯಲ್ಲಿದೆ. ತಮ್ಮ ವರದಿಯನ್ನು ತಾವೇ ತರಿಸಿ ನೋಡುವುದರಿಂದ ಸ್ಕೋರ್ ಕಡಿಮೆಯಾಗುವುದಿಲ್ಲ. ಸ್ಕೋರಿನ ಮೇಲೆ ಪರಿಣಾಮ ಬೀರುವುದು ಸಾಲದ ಅರ್ಜಿ ಬಂದಾಗ ಸಾಲದಾತ ಸಂಸ್ಥೆಗಳು ಮಾಡುವ ವಿಚಾರಣೆಗಳು. ಅಲ್ಪಾವಧಿಯಲ್ಲಿ ಅಂಥ ವಿಚಾರಣೆಗಳು ಹೆಚ್ಚಾದರೆ ಅರ್ಜಿದಾರರು ಹಣದ ಅಡಚಣೆಯಲ್ಲಿದ್ದಾರೆಂಬ ಅಭಿಪ್ರಾಯ ಮೂಡುತ್ತದೆ.

ವರದಿಯಲ್ಲಿ ಪ್ರತಿ ಸಾಲದ ಕೆಳಗೂ ತಿಂಗಳುವಾರು ಮರುಪಾವತಿಯ ವಿವರ ಇರುತ್ತದೆ. ಅಲ್ಲಿ ಮೂರು ಸೊನ್ನೆಗಳಿದ್ದರೆ ಆ ತಿಂಗಳು ಬಾಕಿಯಿಲ್ಲವೆಂದೂ, ಸಂಖ್ಯೆಯಿದ್ದರೆ ಕಂತು ಅಷ್ಟು ದಿನ ತಡವಾಗಿದೆಯೆಂದೂ ಅರ್ಥ. ಸಾಮಾನ್ಯ ಸಾಲದ ಕಂತು ಅಥವಾ ಬಡ್ಡಿ 90 ದಿನಕ್ಕಿಂತ ಹೆಚ್ಚು ಕಾಲ ಬಾಕಿ ಉಳಿದರೆ ಅದು ಎನ್‌ಪಿಎ, ಅಂದರೆ ವಸೂಲಾಗದ ಸಾಲವೆಂದು ವರ್ಗೀಕರಣಗೊಳ್ಳುತ್ತದೆ. ಅಲ್ಪಾವಧಿ ಬೆಳೆಯ ಸಾಲಕ್ಕೆ ಈ ಅಳತೆ ಎರಡು ಬೆಳೆ ಹಂಗಾಮು. ಒಮ್ಮೆ ಆ ವರ್ಗಕ್ಕೆ ಇಳಿದ ಖಾತೆ, ಒಂದೆರಡು ಕಂತು ತುಂಬಿದ ಮಾತ್ರಕ್ಕೆ ಮೇಲೇರುವುದಿಲ್ಲ. ಅಸಲು ಮತ್ತು ಬಡ್ಡಿಯ ಹಿಂಬಾಕಿ ಪೂರ್ಣವಾಗಿ ಸಂದಾಯವಾದ ನಂತರವೇ ಅದನ್ನು ಸಾಮಾನ್ಯ ಖಾತೆಯಾಗಿ ಪರಿಗಣಿಸಬೇಕೆಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಬಾಕಿಯ ಬಹುಭಾಗವನ್ನು ತುಂಬಿ ಸ್ವಲ್ಪವನ್ನು ಉಳಿಸಿಕೊಂಡವರಿಗೆ ವರದಿಯಲ್ಲಿ ಸಿಗುವ ಪ್ರಯೋಜನ ಅತ್ಯಲ್ಪ.

ಖಾತೆಯ ಸ್ಥಿತಿಯನ್ನು ತಿಳಿಸುವ ಪದಗಳು ಇನ್ನೂ ಮುಖ್ಯ. ‘ಕ್ಲೋಸ್ಡ್’ ಎಂದರೆ ಸಾಲ ಪೂರ್ತಿ ತೀರಿದೆ. ‘ಸೆಟಲ್ಡ್’ ಎಂದರೆ ಬ್ಯಾಂಕು ಒಂದಿಷ್ಟು ಬಿಟ್ಟುಕೊಟ್ಟು ಖಾತೆ ಮುಗಿಸಿದೆ. ‘ರಿಟನ್ ಆಫ್’ ಎಂದರೆ ವಸೂಲಿಯ ಭರವಸೆಯಿಲ್ಲದೆ ಬ್ಯಾಂಕು ತನ್ನ ಲೆಕ್ಕದಿಂದ ತೆಗೆದಿದೆ, ಆದರೆ ಸಾಲಗಾರನ ಹೊಣೆ ಹಾಗೆಯೇ ಉಳಿದಿದೆ. ಮಳೆಯಾಶ್ರಿತ ತಾಲ್ಲೂಕಿನ ಅರ್ಜಿದಾರರು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ನಮೂದು ಇದೆ. ನೈಸರ್ಗಿಕ ವಿಕೋಪದಿಂದಾಗಿ ಕಂತುಗಳನ್ನು ಮುಂದೂಡಿ ಪುನರ್‌ರಚಿಸಿದ ಸಾಲಕ್ಕೆ ವರದಿಯ ನಮೂನೆಯಲ್ಲಿ ಪ್ರತ್ಯೇಕ ಸಂಕೇತವಿದ್ದು, ಅದು ಸಾಮಾನ್ಯ ಪುನರ್‌ರಚನೆಯಿಂದ ಬೇರೆ. ಬರ ಅಥವಾ ನೆರೆಯ ವರ್ಷದಲ್ಲಿ ಬ್ಯಾಂಕು ಅಧಿಕೃತವಾಗಿ ಕಂತು ಮುಂದೂಡಿದ್ದರೂ ವರದಿಯಲ್ಲಿ ಆ ಸಂಕೇತದ ಬದಲು ಬರಿಯ ಸುಸ್ತಿ ದಾಖಲಾಗಿದ್ದರೆ, ಅದು ತಿದ್ದುಪಡಿ ಕೇಳಲು ಯೋಗ್ಯವಾದ ತಪ್ಪು. ದಾಖಲೆಯಲ್ಲಿ ಮಳೆಯ ಮಾತು ಬರಲು ಇರುವ ಕೆಲವೇ ಅವಕಾಶಗಳಲ್ಲಿ ಇದೂ ಒಂದು.

ಜಾಮೀನು ಹಾಕಿದ ಸಾಲಗಳೂ ಜಾಮೀನುದಾರರ ವರದಿಯಲ್ಲಿ ಕಾಣಿಸಿಕೊಳ್ಳುತ್ತವೆ ಎಂಬುದು ಹಲವರಿಗೆ ತಿಳಿದಿರುವುದಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ ಇರುತ್ತದೆ. ಬೀಗರ ಅಥವಾ ಗೆಳೆಯರ ಟ್ರ್ಯಾಕ್ಟರ್ ಸಾಲಕ್ಕೆ ವಿಶ್ವಾಸದಿಂದ ಸಹಿ ಹಾಕಿದವರ ಗೃಹಸಾಲ, ತಾವು ಒಂದು ರೂಪಾಯಿ ಬಾಕಿ ಇರಿಸಿಕೊಳ್ಳದಿದ್ದರೂ ನಿಂತುಹೋಗುವುದು ಈ ಕಾರಣದಿಂದ.

ತಪ್ಪನ್ನು ತಿದ್ದಿಸುವ ಹಕ್ಕು

ವರದಿಯಲ್ಲಿ ತಪ್ಪುಗಳು ಸೇರುವುದಕ್ಕೆ ಈ ಭಾಗದಲ್ಲಿ ವಿಶೇಷ ಕಾರಣಗಳಿವೆ. ಒಂದೇ ಊರಿನಲ್ಲಿ ಒಂದೇ ಹೆಸರು, ಒಂದೇ ಅಡ್ಡಹೆಸರಿನ ಹಲವರಿರುತ್ತಾರೆ. ಆಧಾರ್‌ನಲ್ಲಿ ಒಂದು ಬಗೆಯ, ಪಾನ್ ಕಾರ್ಡಿನಲ್ಲಿ ಇನ್ನೊಂದು ಬಗೆಯ ಕಾಗುಣಿತವಿರುತ್ತದೆ. ಹೀಗಾಗಿ ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಸೇರಬಹುದು. ಬ್ಯಾಂಕುಗಳ ವಿಲೀನ ಮತ್ತೊಂದು ಕಾರಣ. 2005ರಲ್ಲಿ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಮೊದಲಾದವು ಸೇರಿ ಆದ, ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಕರ್ನಾಟಕ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಯಿತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ ವಿಲೀನವಾದವು. ಹಳೆಯ ಹೆಸರಿನ ಖಾತೆ ತೀರಿದ್ದರೂ ವರದಿಯಲ್ಲಿ ಬಾಕಿಯೆಂದೇ ಉಳಿದಿದ್ದರೆ ಅದನ್ನು ಸರಿಪಡಿಸುವ ಹೊಣೆ ಈಗಿನ ಬ್ಯಾಂಕಿನದು. ಹಳೆಯ ಬ್ಯಾಂಕು ಇಲ್ಲವಾಯಿತೆಂಬುದು ಉತ್ತರವಲ್ಲ.

ತಿದ್ದುಪಡಿಗೆ ಸಂಬಂಧಿಸಿದ ನಿಯಮಗಳು ಈಗ ಸಾಕಷ್ಟು ಬಿಗಿಯಾಗಿವೆ. ಗ್ರಾಹಕರು ಸಾಲ ಮಾಹಿತಿ ಕಂಪನಿಗೆ ಅಥವಾ ಸಾಲ ಕೊಟ್ಟ ಸಂಸ್ಥೆಗೆ ದೂರು ಸಲ್ಲಿಸಿದ 30 ದಿನಗಳೊಳಗೆ ಅದು ಇತ್ಯರ್ಥವಾಗಬೇಕು. ಆಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ಆದೇಶ 2024ರ ಏಪ್ರಿಲ್ 26ರಿಂದ ಜಾರಿಯಲ್ಲಿದೆ. ಬೇಡಿಕೆಯನ್ನು ನಿರಾಕರಿಸಿದರೆ ಕಾರಣವನ್ನೂ ತಿಳಿಸಬೇಕು. 30 ದಿನ ಕಳೆದರೂ ಪರಿಹಾರ ಸಿಗದಿದ್ದಲ್ಲಿ, ಅಥವಾ ಸಿಕ್ಕ ಉತ್ತರ ಸಮಾಧಾನಕರವಲ್ಲದಿದ್ದಲ್ಲಿ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ, ಅಂದರೆ ಬ್ಯಾಂಕಿಂಗ್ ದೂರುಗಳನ್ನು ಶುಲ್ಕವಿಲ್ಲದೆ ವಿಚಾರಿಸುವ ಅಧಿಕಾರಿಗೆ ದೂರು ಕೊಡಬಹುದು; 2022ರ ಸೆಪ್ಟೆಂಬರ್‌ನಿಂದ ಸಾಲ ಮಾಹಿತಿ ಕಂಪನಿಗಳೂ ಈ ವ್ಯವಸ್ಥೆಯ ವ್ಯಾಪ್ತಿಗೆ ಬಂದಿವೆ. 14448 ಎಂಬ ಉಚಿತ ದೂರವಾಣಿ ಸಂಖ್ಯೆಯಲ್ಲಿ ಮಾರ್ಗದರ್ಶನ ದೊರೆಯುತ್ತದೆ. ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಲೆಕ್ಕದ ಬಗ್ಗೆ ತಕರಾರಿದ್ದರೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಬಳಿ ಹೋಗಬೇಕು.

ಹಣ ಪಡೆದು ಸಿಬಿಲ್ ಸರಿಮಾಡಿಸಿಕೊಡುವುದಾಗಿ ಹೇಳುವ ಮಧ್ಯವರ್ತಿಗಳ ವಿಷಯದಲ್ಲಿ ಎಚ್ಚರಿಕೆ ಅತ್ಯಗತ್ಯ. ನಿಜವಾದ ಸುಸ್ತಿಯನ್ನು ವರದಿಯಿಂದ ಅಳಿಸುವ ಅಧಿಕಾರ ಯಾವ ಮಧ್ಯವರ್ತಿಗೂ ಇಲ್ಲ. ತಪ್ಪಾದ ಮಾಹಿತಿಯನ್ನು ತಿದ್ದಿಸಲು ಯಾವ ಮಧ್ಯವರ್ತಿಯೂ ಬೇಕಿಲ್ಲ. ಅಂಥವರಿಗೆ ಪಾನ್ ಸಂಖ್ಯೆ, ಒಟಿಪಿ ಕೊಟ್ಟವರು ತಮಗೆ ಗೊತ್ತಿಲ್ಲದ ಹೊಸ ಸಾಲಕ್ಕೆ ಸಿಲುಕುವ ಅಪಾಯವೂ ಇದೆ.

ಮನ್ನಾ, ಸೆಟಲ್‌ಮೆಂಟ್ ಮತ್ತು ಬೇಬಾಕಿ

ಕರ್ನಾಟಕ ಸರ್ಕಾರವು 2017ರಲ್ಲಿ ಸಹಕಾರ ಸಂಘಗಳ 50,000 ರೂಪಾಯಿವರೆಗಿನ ಅಲ್ಪಾವಧಿ ಬೆಳೆಸಾಲವನ್ನು ಮನ್ನಾ ಮಾಡಿತು; 2018ರಲ್ಲಿ ವಾಣಿಜ್ಯ ಬ್ಯಾಂಕುಗಳ ಬೆಳೆಸಾಲಕ್ಕೆ 2 ಲಕ್ಷ ರೂಪಾಯಿ ಮತ್ತು ಸಹಕಾರ ಸಂಸ್ಥೆಗಳ ಬೆಳೆಸಾಲಕ್ಕೆ 1 ಲಕ್ಷ ರೂಪಾಯಿ ಮಿತಿಯ ಮನ್ನಾ ಯೋಜನೆ ಬಂದಿತು. ಈ ಯೋಜನೆಗಳಿಂದ ಉಪಕಾರವಾದದ್ದು ನಿಜವಾದರೂ, ಮನ್ನಾ ಆಯಿತೆಂದು ತಿಳಿದು ಬ್ಯಾಂಕಿಗೆ ಮತ್ತೆ ಹೋಗದೆ ಉಳಿದವರ ಖಾತೆಗಳಲ್ಲಿ ಎರಡು ಬಗೆಯ ತೊಡಕು ಉಳಿದಿರಬಹುದು. ಸಾಲದ ಮೊತ್ತ ಮಿತಿಗಿಂತ ಹೆಚ್ಚಿದ್ದಲ್ಲಿ ಹೆಚ್ಚುವರಿ ಮೊತ್ತವೂ ಅದರ ಬಡ್ಡಿಯೂ ರೈತರ ಹೊಣೆಯಾಗಿಯೇ ಉಳಿಯುತ್ತವೆ. ಮನ್ನಾದ ಹಣ ಜಮೆಯಾಗಿದ್ದರೂ ಖಾತೆಯನ್ನು ವಿಧಿವತ್ತಾಗಿ ಮುಚ್ಚದಿದ್ದಲ್ಲಿ ವರದಿಯಲ್ಲಿ ಅದು ಚಾಲ್ತಿ ಸಾಲವಾಗಿಯೇ ಕಾಣುತ್ತದೆ. ಇದಕ್ಕೆ ಮದ್ದು ಒಂದೇ: ಬ್ಯಾಂಕಿಗೆ ಹೋಗಿ ಖಾತೆಯ ಪೂರ್ಣ ವಿವರ ಪಡೆದು, ಉಳಿದದ್ದನ್ನು ತುಂಬಿ, ಬೇಬಾಕಿ ಪ್ರಮಾಣಪತ್ರ, ಅಂದರೆ ಈ ಖಾತೆಯಲ್ಲಿ ಯಾವ ಬಾಕಿಯೂ ಇಲ್ಲವೆಂಬ ಲಿಖಿತ ದೃಢೀಕರಣ ತೆಗೆದುಕೊಳ್ಳುವುದು. ಹೊಲದ ಉತಾರದ, ಅಂದರೆ ಪಹಣಿ ಪತ್ರಿಕೆಯ, 11ನೇ ಕಲಮಿನಲ್ಲಿ ಹಳೆಯ ಸಾಲದ ಬೋಜಾ ಹಾಗೆಯೇ ಉಳಿದಿದ್ದರೆ ಅದೇ ಪತ್ರದ ಆಧಾರದ ಮೇಲೆ ಅದನ್ನೂ ಕಡಿಮೆ ಮಾಡಿಸಬೇಕು.

ಕಿರುಸಾಲಗಳ ಬಗೆಗೂ ಇಂಥದೇ ತಪ್ಪುಗ್ರಹಿಕೆ ಇದೆ. ವಸೂಲಿಯ ಕಿರುಕುಳವನ್ನು ತಡೆಯಲು 2025ರಲ್ಲಿ ರಾಜ್ಯವು ತಂದ ಕಿರುಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ತಡೆ) ಕಾನೂನು ನೋಂದಣಿಯಿಲ್ಲದ ಲೇವಾದೇವಿಗಾರರಿಂದ ಬಡವರನ್ನು ಕಾಪಾಡುವ ಉದ್ದೇಶದ್ದು. ರಿಸರ್ವ್ ಬ್ಯಾಂಕಿನ ನೋಂದಣಿ ಪಡೆದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳ ಸಾಲವನ್ನು ಅದು ರದ್ದುಪಡಿಸಿಲ್ಲ. ಸಾಲವೇ ಹೋಯಿತೆಂದು ನಂಬಿ ವಾರದ ಕಂತು ನಿಲ್ಲಿಸಿದ ಮಹಿಳೆಯರ ಹೆಸರಿನಲ್ಲಿ ಸುಸ್ತಿ ದಾಖಲಾದರೆ, ಮುಂದೆ ಗಂಡ ಹೆಂಡತಿ ಜಂಟಿಯಾಗಿ ಗೃಹಸಾಲ ಕೇಳಿದಾಗ ಅದು ಇಬ್ಬರಿಗೂ ಅಡ್ಡಿಯಾಗುತ್ತದೆ.

ಏಕಕಾಲಿಕ ತೀರುವಳಿ, ಜನರ ಮಾತಿನಲ್ಲಿ ಓಟಿಎಸ್, ಎಂಬುದು ಬ್ಯಾಂಕು ಬಾಕಿಯ ಒಂದು ಭಾಗವನ್ನು ಬಿಟ್ಟು ಉಳಿದದ್ದನ್ನು ಒಮ್ಮೆಗೇ ಪಡೆದು ವ್ಯವಹಾರ ಮುಗಿಸುವ ಒಪ್ಪಂದ. ಪೂರ್ತಿ ತೀರಿಸುವ ಶಕ್ತಿಯೇ ಇಲ್ಲದವರಿಗೆ, ಬಡ್ಡಿ ಬೆಳೆಯುತ್ತ ಹೋಗುವುದಕ್ಕಿಂತ ಇದು ಖಂಡಿತವಾಗಿ ಮೇಲು. ಆದರೆ ಮನೆ ಕಟ್ಟುವ ಯೋಚನೆ ಇರುವವರು ಸಹಿ ಹಾಕುವ ಮುನ್ನ ಅದರ ಬೆಲೆಯನ್ನು ತಿಳಿದಿರಬೇಕು. ಮುಂದಿನ ಬ್ಯಾಂಕು ‘ಸೆಟಲ್ಡ್’ ಎಂಬ ನಮೂದನ್ನು ಹಿಂದಿನ ಬ್ಯಾಂಕಿಗಾದ ನಷ್ಟವೆಂದೇ ಓದುತ್ತದೆ. 2023ರ ಜೂನ್ 8ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ಕೃಷಿಸಾಲವಲ್ಲದ ಸಾಲಗಳಲ್ಲಿ ಇಂಥ ರಾಜಿಯಾದ ಮೇಲೆ ಅದೇ ಸಂಸ್ಥೆಯು ಆ ಸಾಲಗಾರನಿಗೆ ಹೊಸ ಸಾಲ ಕೊಡಲು ಕನಿಷ್ಠ 12 ತಿಂಗಳು ಕಾಯಬೇಕು. ಕೃಷಿಸಾಲಕ್ಕೆ ಈ ಅವಧಿಯನ್ನು ಆಯಾ ಸಂಸ್ಥೆಯ ಆಡಳಿತ ಮಂಡಳಿಯೇ ನಿಗದಿಪಡಿಸುತ್ತದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಯಲ್ಲಿಯೂ ಬ್ಯಾಂಕು ಒಂದು ಭಾಗ ಬಿಟ್ಟಿದ್ದರೆ ಫಲ ಇದೇ. ಈಗಾಗಲೇ ರಾಜಿಯಾಗಿರುವವರು, ಬಿಟ್ಟುಕೊಟ್ಟ ಮೊತ್ತವನ್ನೂ ಈಗ ತುಂಬಿದರೆ ಖಾತೆಯನ್ನು ಪೂರ್ಣ ತೀರಿದ ಖಾತೆಯೆಂದು ವರದಿ ಮಾಡುವಿರಾ ಎಂದು ಬ್ಯಾಂಕನ್ನು ಲಿಖಿತವಾಗಿ ಕೇಳಬಹುದು. ಲಿಖಿತ ಒಪ್ಪಿಗೆ ಕೈಗೆ ಬಂದ ನಂತರವೇ ಹಣ ತುಂಬುವುದು ಕ್ಷೇಮ.

ಕಾಯುವ ಕಾಲದ ಸದುಪಯೋಗ

ಖಾತೆಗಳನ್ನು ಮುಚ್ಚಿದ ಮರುದಿನವೇ ಗೃಹಸಾಲಕ್ಕೆ ಅರ್ಜಿ ಹಾಕುವುದು ಜಾಣತನವಲ್ಲ. 2025ರ ಜನವರಿ 1ರಿಂದ ಸಾಲದಾತ ಸಂಸ್ಥೆಗಳು ಕನಿಷ್ಠ ಹದಿನೈದು ದಿನಗಳಿಗೊಮ್ಮೆ ಮಾಹಿತಿ ಕಳಿಸಬೇಕಾಗಿರುವುದರಿಂದ ತೀರಿದ ಸಾಲವು ವರದಿಯಲ್ಲಿ ಬೇಗ ಕಾಣಿಸಿಕೊಳ್ಳುತ್ತದೆ. ಆದರೆ ಹಳೆಯ ತಡಪಾವತಿಯ ಇತಿಹಾಸ ತಕ್ಷಣ ಮಾಸುವುದಿಲ್ಲ. ಸಾಲ ಮಾಹಿತಿಯನ್ನು ಕನಿಷ್ಠ ಏಳು ವರ್ಷ ಉಳಿಸಿಕೊಳ್ಳಬೇಕೆಂಬುದು ನಿಯಮ. ಹಾಗಿದ್ದರೂ ಸ್ಕೋರ್ ಲೆಕ್ಕಹಾಕುವಾಗಲೂ ಅರ್ಜಿ ಪರಿಶೀಲಿಸುವಾಗಲೂ ಇತ್ತೀಚಿನ ನಡವಳಿಕೆಗೆ ಹೆಚ್ಚು ತೂಕ ದೊರೆಯುವುದರಿಂದ, ಒಂದೆರಡು ವರ್ಷ ತಪ್ಪದೆ ಸಂದಾಯವಾದ ಕಂತುಗಳು ಹಳೆಯ ಸುಸ್ತಿಯ ಭಾರವನ್ನು ಬಹಳಷ್ಟು ತಗ್ಗಿಸುತ್ತವೆ.

ಈ ಅವಧಿಯಲ್ಲಿ ಕೃಷಿಕರ ಕೈಯಲ್ಲಿರುವ ಉತ್ತಮ ಸಾಧನವೆಂದರೆ ಕಿಸಾನ್ ಕ್ರೆಡಿಟ್ ಕಾರ್ಡಿನ ಬೆಳೆಸಾಲವೇ. ಅದನ್ನು ವರ್ಷದ ಗಡುವಿನೊಳಗೆ ತುಂಬಿ ನವೀಕರಿಸಿದರೆ ಬಡ್ಡಿಯ ರಿಯಾಯಿತಿ ಉಳಿಯುತ್ತದೆ, ದಾಖಲೆಯೂ ಶುದ್ಧವಾಗುತ್ತದೆ. ಸಹಕಾರ ಸಂಘಗಳ ಮೂಲಕ ರಾಜ್ಯವು ಕೊಡುವ ಶೂನ್ಯ ಬಡ್ಡಿಯ ಬೆಳೆಸಾಲದ ಸೌಲಭ್ಯವೂ ಗಡುವಿನೊಳಗೆ ತುಂಬಿದವರಿಗೆ ಮಾತ್ರ. ಸಾಲದ ಇತಿಹಾಸವೇ ಇಲ್ಲದ, ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಮಗ ಅಥವಾ ಮಗಳು ಸಣ್ಣದೊಂದು ಸಾಲ ಪಡೆದು ಕ್ರಮವಾಗಿ ತೀರಿಸಿದರೆ, ಮುಂದೆ ಜಂಟಿ ಅರ್ಜಿಗೆ ಅದು ಬಲ ಕೊಡುತ್ತದೆ. ಜಂಟಿ ಅರ್ಜಿದಾರರಾಗುವುದು ಬರಿಯ ಸಹಿಯಲ್ಲ, ಸಾಲದ ಪೂರ್ಣ ಹೊಣೆ ಎಂಬುದನ್ನು ಆ ಮಕ್ಕಳಿಗೆ ಮೊದಲೇ ತಿಳಿಸುವುದು ಹಿರಿಯರ ಕರ್ತವ್ಯ.

ಸ್ಕೋರಿನಷ್ಟೇ ಮುಖ್ಯವಾದ ಲೆಕ್ಕ

ಸ್ಕೋರ್ ಸಾಲದಾಗಲೂ ಅರ್ಜಿ ಬೀಳುತ್ತದೆ, ಆದಾಯಕ್ಕೆ ಕಂತು ಹೊಂದದಾಗಲೂ ಬೀಳುತ್ತದೆ. ಕುಟುಂಬದ ಮಾಸಿಕ ಆದಾಯ 40,000 ರೂಪಾಯಿ ಎಂದೂ, ಎಲ್ಲ ಸಾಲಗಳ ಕಂತು ಅದರ ಅರ್ಧವನ್ನು ಮೀರಬಾರದೆಂದು ಬ್ಯಾಂಕು ಬಯಸುತ್ತದೆಂದೂ ಇಟ್ಟುಕೊಂಡರೆ, ಒಟ್ಟು ಕಂತಿಗೆ ಇರುವ ಅವಕಾಶ 20,000 ರೂಪಾಯಿ. ಟ್ರ್ಯಾಕ್ಟರ್ ಸಾಲಕ್ಕೆ ತಿಂಗಳಿಗೆ 6,000, ಸಂಘದ ಸಾಲಕ್ಕೆ 2,500 ಹೋದರೆ ಉಳಿಯುವುದು 11,500. ಶೇಕಡ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆಯುವ 15 ಲಕ್ಷ ರೂಪಾಯಿ ಗೃಹಸಾಲದ ಮಾಸಿಕ ಕಂತು ಸುಮಾರು 13,500 ಆಗುವುದರಿಂದ ಈ ಅರ್ಜಿ ನಿಲ್ಲುವುದಿಲ್ಲ. ಅದೇ ಕುಟುಂಬ ಸಂಘದ ಸಾಲವನ್ನು ಮೊದಲು ತೀರಿಸಿದರೆ ಅವಕಾಶ 14,000ಕ್ಕೆ ಏರಿ ಅರ್ಜಿ ನಿಲ್ಲುತ್ತದೆ. ಸಣ್ಣ ಸಾಲವೊಂದನ್ನು ಮುಗಿಸುವುದು ಕೆಲವೊಮ್ಮೆ ಸ್ಕೋರ್ ಏರುವುದನ್ನು ಕಾಯುವುದಕ್ಕಿಂತ ಫಲಕಾರಿ.

ಹಳೆಯ ಸುಸ್ತಿಯ ಕಾರಣದಿಂದ ಬ್ಯಾಂಕಿನಲ್ಲಿ ಸಾಲ ಸಿಗದೆ, ಹೆಚ್ಚು ಬಡ್ಡಿಯ ಕಂಪನಿಯ ಕಡೆ ಅವಸರದಿಂದ ಹೊರಳುವವರು ಇನ್ನೊಂದು ಲೆಕ್ಕ ಮಾಡಬೇಕು. ಅದೇ 15 ಲಕ್ಷವನ್ನು ಶೇಕಡ 12ರಲ್ಲಿ ಪಡೆದರೆ ಕಂತು ಸುಮಾರು 16,500 ರೂಪಾಯಿ; 20 ವರ್ಷಗಳಲ್ಲಿ ಹೆಚ್ಚುವರಿಯಾಗಿ ಹೋಗುವುದು 7 ಲಕ್ಷ ರೂಪಾಯಿಗೂ ಮಿಕ್ಕಿ. ದಾಖಲೆ ಸರಿಪಡಿಸಿಕೊಳ್ಳಲು ಒಂದೆರಡು ವರ್ಷ ತಡೆದರೆ ಉಳಿಯುವ ಹಣ ಇದು.

ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲದಿರುವುದರಿಂದ ಬಹಳಷ್ಟು ರೈತರ ಬಳಿ ಆದಾಯದ ದಾಖಲೆಯೇ ಇರುವುದಿಲ್ಲ. ಈ ಕೊರತೆಯನ್ನು ತುಂಬಲು ಬ್ಯಾಡಗಿ ಅಥವಾ ಹುಬ್ಬಳ್ಳಿ ಮಾರುಕಟ್ಟೆಯಲ್ಲಿ ಮಾರಿದ ಮೆಣಸಿನಕಾಯಿ, ಹತ್ತಿ, ಕಾಳಿನ ಪಟ್ಟಿಗಳನ್ನು ಕಾದಿರಿಸಬೇಕು, ಅಡತಿ ಅಂಗಡಿಯಿಂದ ಬರುವ ಹಣವನ್ನು ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಬೇಕು, ಹಾಲು, ಬಾಡಿಗೆ, ಅಂಗಡಿಯಂಥ ಉಪ ಆದಾಯವಿದ್ದರೆ ಆದಾಯ ತೆರಿಗೆ ವಿವರ ಸಲ್ಲಿಸಬೇಕು. ಸುಗ್ಗಿಯಲ್ಲಿ ಮಾತ್ರ ಹಣ ಬರುವ ಕುಟುಂಬಗಳು ಆರು ತಿಂಗಳಿಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಕಂತು ಕಟ್ಟುವ ಅವಕಾಶವಿದೆಯೇ ಎಂದು ಅರ್ಜಿಗೆ ಮುನ್ನವೇ ವಿಚಾರಿಸಬೇಕು. ತಿಂಗಳ ಕಂತಿಗೆ ಒಪ್ಪಿ ಮತ್ತೆ ತಪ್ಪುವುದು ಹಳೆಯ ಗಾಯವನ್ನು ಕೆದಕಿದಂತೆ.

ಕೈಯಿಂದ ಹಾಕುವ ಹಣ ಹೆಚ್ಚಿದ್ದಷ್ಟೂ ಅರ್ಜಿಯ ಬಲ ಹೆಚ್ಚು. 30 ಲಕ್ಷ ರೂಪಾಯಿವರೆಗಿನ ಗೃಹಸಾಲದಲ್ಲಿ ಆಸ್ತಿಯ ಮೌಲ್ಯದ ಶೇಕಡ 90ರವರೆಗೂ ಕೊಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ. ಆದರೆ ಹಿಂದೆ ಸುಸ್ತಿಯಿದ್ದ ಅರ್ಜಿದಾರರು ಮೌಲ್ಯದ ಶೇಕಡ 60 ಅಥವಾ 70ರಷ್ಟನ್ನೇ ಕೇಳಿದರೆ ಬ್ಯಾಂಕಿನ ಅಪಾಯ ಕಡಿಮೆಯಾಗಿ ಮಂಜೂರಾತಿಯ ಸಾಧ್ಯತೆ ಹೆಚ್ಚುತ್ತದೆ.

ಆಸ್ತಿಯ ಕಾಗದಪತ್ರ

ಎಕರೆಗಟ್ಟಲೆ ಹೊಲವಿದ್ದರೂ ಗೃಹಸಾಲಕ್ಕೆ ಅದನ್ನು ಭದ್ರತೆಯಾಗಿ ಏಕೆ ಒಪ್ಪುವುದಿಲ್ಲವೆಂಬ ಪ್ರಶ್ನೆ ಸಹಜ. ನ್ಯಾಯಾಲಯಕ್ಕೆ ಹೋಗದೆ ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯುವ ಅಧಿಕಾರವನ್ನು ಬ್ಯಾಂಕುಗಳಿಗೆ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿಭೂಮಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಬ್ಯಾಂಕು ಮನೆ ಅಥವಾ ನಿವೇಶನವನ್ನೇ ಅಡಮಾನವಾಗಿ ಕೇಳುತ್ತದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯ ಆಸ್ತಿಗೆ ಇ-ಸ್ವತ್ತಿನ ನಮೂನೆ 9 ಮತ್ತು 11-ಎ, ಕುಂದಗೋಳ ಪಟ್ಟಣ ಪಂಚಾಯಿತಿ ವ್ಯಾಪ್ತಿಯದಕ್ಕೆ ಇ-ಖಾತಾ, ಹೊಲದಿಂದ ನಿವೇಶನವಾದ ಜಾಗಕ್ಕೆ ಭೂಪರಿವರ್ತನೆಯ ಆದೇಶ, ಅಂದರೆ ಎನ್.ಎ. ಆದೇಶ, ಮತ್ತು ಆಸ್ತಿಯ ಮೇಲೆ ಹಳೆಯ ಸಾಲ ಅಥವಾ ವ್ಯವಹಾರವಿದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ ಇವು ಮೂಲ ಅಗತ್ಯಗಳು. ವಾರಸಾ ಆಗದೆ ಅಜ್ಜನ ಹೆಸರಿನಲ್ಲೇ ಉಳಿದ ಮನೆ, ಅಣ್ಣತಮ್ಮಂದಿರ ನಡುವೆ ಬಾಯಿಮಾತಿನಲ್ಲಿ ಮಾತ್ರ ಪಾಲಾದ ಜಾಗ ಇವುಗಳ ಮೇಲೆ ಎಷ್ಟೇ ಒಳ್ಳೆಯ ಸ್ಕೋರಿದ್ದರೂ ಸಾಲ ಸಿಗುವುದು ಕಷ್ಟ. ವರದಿ ಸುಧಾರಿಸಲು ಕಾಯುವ ತಿಂಗಳುಗಳಲ್ಲಿಯೇ ವಾರಸಾ, ನೋಂದಾಯಿತ ವಾಟ್ನಿ (ಪಾಲು) ಪತ್ರ ಮತ್ತು ಖಾತೆಯ ಕೆಲಸಗಳನ್ನು ಮುಗಿಸಿಕೊಳ್ಳಬೇಕು.

ಅರ್ಜಿ ಹಾಕುವಾಗ

ಅರ್ಜಿಯನ್ನು ಹಲವು ಕಡೆ ಒಮ್ಮೆಗೇ ಹಾಕದೆ, ಹತ್ತಾರು ವರ್ಷಗಳಿಂದ ಖಾತೆಯಿರುವ, ಕುಟುಂಬದ ವ್ಯವಹಾರ ಬಲ್ಲ ಶಾಖೆಯಲ್ಲಿ ಮೊದಲು ವಿಚಾರಿಸುವುದು ಒಳಿತು. ಹಿಂದಿನ ಸುಸ್ತಿಯನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ, ವರದಿಯಲ್ಲಿ ಅದು ಬಂದೇ ಬರುತ್ತದೆ. ಅದರ ಬದಲು ಒಂದು ಪುಟದ ವಿವರಣೆ ಬರೆದು, ಯಾವ ವರ್ಷ ಯಾವ ಬೆಳೆ ಏಕೆ ಹೋಯಿತು, ಸಾಲ ಯಾವಾಗ ತೀರಿತು, ಅನಂತರದ ಕಂತುಗಳು ಹೇಗೆ ಸಂದಾಯವಾಗಿವೆ ಎಂಬುದನ್ನು ತಿಳಿಸಿ, ಬರಘೋಷಣೆಯ ಆದೇಶ, ಬೆಳೆವಿಮೆ ಅಥವಾ ಬೆಳೆಹಾನಿ ಪರಿಹಾರ ಜಮೆಯಾದ ಪಾಸ್‌ಬುಕ್ ಪುಟ, ಆಸ್ಪತ್ರೆಯ ಖರ್ಚಿನಿಂದ ಕಂತು ತಪ್ಪಿದ್ದರೆ ಅದರ ಬಿಲ್ಲು, ಬೇಬಾಕಿ ಪತ್ರ ಇವುಗಳನ್ನು ಲಗತ್ತಿಸಬೇಕು. ದಾಖಲೆಯಲ್ಲಿ ಇಲ್ಲದ ಮಳೆಯ ಮಾತನ್ನು ಅಧಿಕಾರಿಯ ಮುಂದಿಡುವ ದಾರಿ ಇದು. ಅರ್ಜಿ ತಿರಸ್ಕೃತವಾದರೆ ಕಾರಣವನ್ನು ಲಿಖಿತವಾಗಿ ಕೇಳಿ ಪಡೆದು, ಆ ಕೊರತೆಯನ್ನು ತುಂಬಿದ ನಂತರವೇ ಮುಂದಿನ ಪ್ರಯತ್ನಕ್ಕೆ ಹೋಗಬೇಕು.

ಬ್ಯಾಂಕ್ ಅಧಿಕಾರಿಗಳಿಗೂ ಇಲ್ಲೊಂದು ಹೊಣೆಯಿದೆ. ಒಂದೇ ಹಂಗಾಮಿನಲ್ಲಿ ಇಡೀ ತಾಲ್ಲೂಕು ಕಂತು ತಪ್ಪಿದ್ದರೆ ಅದನ್ನು ಒಬ್ಬೊಬ್ಬರ ನಡತೆಯ ದೋಷವೆಂದು ಓದುವುದು ಸರಿಯಾದ ಓದಲ್ಲ. ಸ್ಕೋರ್ ನೋಡಿ ಅರ್ಜಿ ಹಿಂತಿರುಗಿಸುವ ಮುನ್ನ ತಪ್ಪಿದ ತಿಂಗಳುಗಳನ್ನೂ ತಾಲ್ಲೂಕಿನ ಬರದ ವರ್ಷಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮನೆಯ ಕನಸಿರುವ ಕುಟುಂಬಗಳು ಬುನಾದಿ ತೋಡುವುದಕ್ಕೆ ಎರಡು ವರ್ಷ ಮುಂಚೆಯೇ ಉಚಿತ ವರದಿ ತರಿಸಿ ನೋಡಲಿ, ತೀರಿದ ಪ್ರತಿ ಸಾಲಕ್ಕೂ ಬೇಬಾಕಿ ಪತ್ರ ಪಡೆದು ಜೋಪಾನವಾಗಿಡಲಿ, ಪರರ ಸಾಲಕ್ಕೆ ಜಾಮೀನು ಹಾಕುವ ಮುನ್ನ ಎರಡು ಬಾರಿ ಯೋಚಿಸಲಿ. ಹಳೆಯ ಸುಸ್ತಿಯನ್ನು ಇಲ್ಲವಾಗಿಸಲು ಯಾರಿಂದಲೂ ಆಗದು. ಅದನ್ನು ಪೂರ್ತಿ ಮುಗಿಸುವುದು ಮಾತ್ರ ಸಾಧ್ಯ, ಮತ್ತು ಗೃಹಸಾಲಕ್ಕೆ ಬೇಕಾಗಿರುವುದು ಅಷ್ಟೇ.